ಈಗ ಅವಳ ಸರದಿ

"ಇದೊಂದು ಬೇಡ. ಬೇರೆ ಏನಾದ್ರೂ ಹಾಕಿ."

ಹಾಗೆಂದು ಮಾರ್ಗಿಟ್ ಕೈ ಚಾಚಿ, ರೆಕಾರ್ಡಿನ ಮೇಲೆ ಇಳಿಯುತ್ತಿದ್ದ ಮುಳ್ಳನ್ನು ಗಾಳಿಯಲ್ಲೇ ಹಿಡಿದುಬಿಟ್ಟಳು. ಗ್ರಾಮಫೋನಿನ ಮುಂದೆ ಕೂತಿದ್ದ ಸ್ಮಶಾನದ ನೌಕರ ಅವಳ ಕೈಯನ್ನು ನೋಡಿದ, ಆಮೇಲೆ ಅವಳ ಮಗಳ ಮುಖ ನೋಡಿದ. ಬಾಗಿಲಿನಾಚೆ ಪ್ರಾರ್ಥನಾಮಂದಿರದಲ್ಲಿ ಜನ ಆಗಲೇ ಕೂತಾಗಿತ್ತು. ಕುರ್ಚಿ ಎಳೆಯುವ ಸದ್ದು, ಚಳಿಗಾಲದ ಕೆಮ್ಮು ಕೇಳುತ್ತಿದ್ದವು.

"ಅಮ್ಮಾ, ಕೈ ಬಿಡು," ಎಂದಳು ಕರೋಲಾ. "ನಿನ್ನೆನೇ ಮಾತಾಗಿದೆಯಲ್ಲ. ಅಪ್ಪ ಪಿಟೀಲಲ್ಲಿ ನುಡಿಸ್ತಿದ್ದ ಸೊನಾಟಾ ಇದು. ಇದನ್ನ ಬಿಟ್ಟು ಇನ್ನೇನು ಹಾಕ್ಸೋದು, ಮೇ ದಿನದ ಮೆರವಣಿಗೆ ಬ್ಯಾಂಡಾ?"

"ಏನೂ ಬೇಡ. ಸುಮ್ಮನೆ ಇದ್ರಾಯ್ತು."

"ಎಂಟು ವರ್ಷ ಸುಮ್ಮನೇ ಇತ್ತಲ್ಲ ನಿಮ್ಮನೆ. ಇವತ್ತೊಂದು ದಿನ ಅಪ್ಪ ಕೇಳಿಕೊಂಡು ಹೋಗ್ಲಿ ಬಿಡು."

"ಆಮೇಲೆ ಇನ್ನೊಂದು ಪೆಟ್ಟಿಗೆ ಬರೋದಿದೆ," ಎಂದ ನೌಕರ, ಯಾರ ಮುಖವನ್ನೂ ನೋಡದೆ. "ಬೇಗ ಒಂದು ತೀರ್ಮಾನ ಮಾಡಿದ್ರೆ ಒಳ್ಳೇದು."

ಮಾರ್ಗಿಟ್ ಬೆರಳು ಸಡಿಲಿಸಿದಳು. ಅವಳ ತೋಳು ಹಿಡಿದು ಕರೋಲಾ ಮುಂದಿನ ಸಾಲಿಗೆ ಕರೆದುಕೊಂಡು ಹೋದಳು. ಅವಳ ಗಂಡ ಎಗಾನ್ ಮುಚ್ಚಿದ ಶವಪೆಟ್ಟಿಗೆಯೊಳಗಿದ್ದ. ಮೇಲೆ ಟ್ರಾಮ್ ಡಿಪೋದವರು ತಂದಿಟ್ಟ ಕಾರ್ನೇಷನ್ ಹೂಗಳು, ಅವಕ್ಕೆ ಕಟ್ಟಿದ ಕೆಂಪು ಪಟ್ಟಿಯ ಮೇಲೆ ಅವನ ಹೆಸರು: ಎಗಾನ್ ಲಿಂಡ್ನರ್. ಎಗಾನ್ ಚರ್ಚಿಗೆ ಹೋದವನಲ್ಲ, ಆದ್ದರಿಂದ ಪಾದ್ರಿ ಇರಲಿಲ್ಲ. ಇಂಥ ಸಾವುಗಳಿಗೆಂದೇ ಇರುವ ಬಾಡಿಗೆಯ ಭಾಷಣಕಾರನೊಬ್ಬ ಬಂದಿದ್ದ. ಹಿಂದಿನ ದಿನ ಮನೆಗೆ ಬಂದು ಕಾಫಿ ಕುಡಿದು, ಕರೋಲಾ ಹೇಳಿದ್ದನ್ನೆಲ್ಲ ಕೇಳಿಕೊಂಡು ಹೋಗಿದ್ದ.

"ಎಗಾನ್ ಲಿಂಡ್ನರ್ ತಮ್ಮ ಆಯುಷ್ಯವನ್ನೆಲ್ಲ ಟ್ರಾಮ್ ಡಿಪೋದ ಲೇತ್ ಯಂತ್ರದ ಮುಂದೆ ಚಕ್ರ ಕಡೆಯುತ್ತ ಕಳೆದರು," ಎಂದು ಆತ ಶುರುಮಾಡಿದ. "ಆದರೆ ಅವರ ಹೃದಯದ ಚಕ್ರವನ್ನು ತಿರುಗಿಸಿದ್ದು ಸಂಗೀತ."

ಹಿಂದಿನ ಸಾಲಿನಲ್ಲಿ ಡಿಪೋದ ಯಾರೋ ಕೆಮ್ಮಿದರು. ನಗು ನುಂಗಿದ ಕೆಮ್ಮು ಅದು.

"ಸಂಗೀತವೇ ಅವರಿಗೆ ಬಾಳಸಂಗಾತಿಯನ್ನೂ ತಂದುಕೊಟ್ಟಿತು. ಅವರ ಪಿಟೀಲು, ಶ್ರೀಮತಿಯವರ ಪಿಯಾನೋ, ಎರಡೂ ಒಂದೇ ಶ್ರುತಿಯಲ್ಲಿ ಕೂಡಿ ನಡೆದ ದಾಂಪತ್ಯ ಅದು. ವಿಧಿ ಕ್ರೂರಿ. ಭುಜದ ನೋವು ಅವರ ಕೈಯಿಂದ ಪಿಟೀಲನ್ನು ಕಸಿದುಕೊಂಡಿತು."

ಮಾರ್ಗಿಟ್ ತನ್ನ ಕೈಗವಸುಗಳನ್ನು ನೋಡುತ್ತ ಕೂತಿದ್ದಳು. ಭುಜದ ನೋವು ಎಂದು ಎಲ್ಲರಿಗೂ ಹೇಳಿದವನು ಎಗಾನ್. ಕರೋಲಾಗೆ, ಕೆಳಗಿನ ಮಹಡಿಯ ತೆಕ್ಲಾಗೆ, ಡಿಪೋದವರಿಗೆ ಅವನು ಹೇಳಿದ್ದು ಅದನ್ನೇ. ಅವನು ಹೇಳುವಾಗ ಮಾರ್ಗಿಟ್ ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಂದು ಸಲವೂ ಅಲ್ಲ ಎಂದಿರಲಿಲ್ಲ.

ಆಮೇಲೆ ರೆಕಾರ್ಡ್ ಹಾಕಿದರು. ಸೊನಾಟಾದ ನಿಧಾನದ ಭಾಗ. ಮೊದಲು ಪಿಯಾನೋ ಒಂದೇ, ಯಾರೋ ಬರಿಗಾಲಲ್ಲಿ ನಡೆದುಬಂದ ಹಾಗೆ. ಆಮೇಲೆ ಪಿಟೀಲು ತನ್ನ ದಪ್ಪ ತಂತಿಯಲ್ಲಿ ಮೆಲ್ಲಗೆ ಮಾತು ತೆಗೆಯಿತು. ನುಡಿಸಿದವರು ದೊಡ್ಡ ಕಲಾವಿದರು. ಒಂದೊಂದು ಸ್ವರವೂ ತೊಳೆದಿಟ್ಟ ಗಾಜಿನ ಲೋಟದಂತಿತ್ತು. ಮುಂದೆ ಪಿಟೀಲು ದಪ್ಪ ತಂತಿಯಿಂದ ಒಂದೊಂದೇ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗುವ ಜಾಗವೊಂದಿದೆ. ಅಲ್ಲಿ ಎಗಾನ್ ಪ್ರತಿ ಸಲವೂ ಕೊನೆಯ ಮೆಟ್ಟಿಲಿಗೆ ಒಂದು ಕೂದಲೆಳೆ ಕೆಳಗೆ ನಿಂತುಬಿಡುತ್ತಿದ್ದ. ಮಾರ್ಗಿಟಳ ಹಲ್ಲು ತಾವಾಗಿ ಕಚ್ಚಿಕೊಂಡವು. ಆ ತಪ್ಪು ಸ್ವರಕ್ಕಾಗಿ ಮೈ ಸೆಟೆದು ಕಾಯಿತು.

ರೆಕಾರ್ಡಿನವನು ಆ ಮೆಟ್ಟಿಲನ್ನು ಸಲೀಸಾಗಿ ಹತ್ತಿ ಮುಂದೆ ಹೋದ.

ಕಾಯುತ್ತಿದ್ದ ಮೈಗೆ ಆಸರೆ ತಪ್ಪಿದಂತಾಯಿತು. ಮಾರ್ಗಿಟ್ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತೆಕ್ಲಾ ಹಿಂದಿನಿಂದ ಬಾಗಿ, "ಅತ್ತುಬಿಡಿ, ಅತ್ತುಬಿಡಿ, ಹಗುರಾಗುತ್ತೆ," ಎಂದು ಬೆನ್ನು ಸವರಿದಳು. ಮಾರ್ಗಿಟ್‌ಗೆ ಅಳು ಬರಲಿಲ್ಲ.

* * *

ಯುದ್ಧ ಮುಗಿದ ಮೇಲಿನ ಎರಡನೆಯ ಚಳಿಗಾಲ. ಲೈಪ್ಜಿಗ್‌ನ ಸಂಗೀತ ಕಾಲೇಜಿನ ಅರ್ಧ ಸೂರು ಬಾಂಬಿಗೆ ಹೋಗಿತ್ತು. ಉಳಿದ ಅರ್ಧದ ಕೆಳಗೆ ಮಾರ್ಗಿಟ್ ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಆ ವರ್ಷದ ವಿದ್ಯಾರ್ಥಿಗಳಲ್ಲಿ ಅವಳೇ ಮುಂದು; ಅವಳ ಹಿಂದೆಯೇ ಯೂಟಾ ಎನ್ನುವ ಗೆಳತಿ. ಇಬ್ಬರಿಗೂ ಒಂದೇ ಪಿಯಾನೋ. ಬೆಳಿಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು.

ಬಾಗಿಲು ತಟ್ಟದೆ ಒಬ್ಬ ಒಳಗೆ ಬಂದ. ಎತ್ತರದ ಆಳು, ಮೈಮೇಲೆ ಎಣ್ಣೆ ಕಲೆಯ ಕೋಟು. ಒಂದು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಇನ್ನೊಂದರಲ್ಲಿ ಬಕೆಟ್ಟು. ಬಕೆಟ್ಟಿನ ಮೇಲೆ ಮುಚ್ಚಿದ್ದ ಚಿಂದಿ ತೆಗೆದ. ಕಲ್ಲಿದ್ದಲಿನ ಇಟ್ಟಿಗೆಗಳು.

"ಕದ್ದಿದ್ದಾ?" ಎಂದಳು ಮಾರ್ಗಿಟ್.

"ಡಿಪೋದಲ್ಲಿ ಬಿದ್ದಿತ್ತು. ಬಿದ್ದಿದ್ದನ್ನ ಎತ್ತಿಕೊಂಡ್ರೆ ಕಳ್ಳತನ ಅಲ್ಲ."

"ಎಲ್ಲಿ ಬಿದ್ದಿತ್ತು?"

"ರಾಶಿ ಮೇಲೆ."

ಆ ಚಳಿಗಾಲದಲ್ಲಿ ಅವಳು ಮೊದಲ ಸಲ ನಕ್ಕಳು. ಅವನು ಒಲೆ ಹಚ್ಚಿದ. ಆಮೇಲೆ ಅಂಗಿಯ ಒಳಗಿಂದ ಒಂದು ಸ್ವರಪುಸ್ತಕ ತೆಗೆದು ಪಿಯಾನೋದ ಮೇಲಿಟ್ಟ. ಬಾಂಬು ಬಿದ್ದ ಮನೆಯೊಂದರ ಇಟ್ಟಿಗೆ ಗುಡ್ಡೆಯಲ್ಲಿ ಸಿಕ್ಕಿದ್ದಂತೆ. ಒಂದು ಮೂಲೆ ಸುಟ್ಟಿತ್ತು. ಪಿಟೀಲು, ಪಿಯಾನೋ ಎರಡಕ್ಕೆ ಕೂಡಿ ಬರೆದ ಸೊನಾಟಾ, ನೂರು ವರ್ಷ ಹಳೆಯದು.

"ಇದರಲ್ಲಿ ನನ್ನ ಭಾಗ ನಂಗೆ ಬರುತ್ತೆ. ಒಬ್ಬನೇ ನುಡಿಸ್ಕೋತಾ ಇದ್ದೆ," ಎಂದ. "ಅಲ್ಲಲ್ಲಿ ಸುಮ್ಮನೆ ನಿಂತ್ಕೋ ಅಂತ ಬರೆದಿದಾರೆ. ನಿಂತ್ಕೋತೀನಿ. ಆದ್ರೆ ನಾನು ನಿಂತಾಗ ಇನ್ನೊಬ್ರು ಏನು ಹೇಳ್ತಾರೆ ಅಂತ ಗೊತ್ತಾಗ್ಬೇಕಲ್ಲ. ಅದಕ್ಕೆ ಬಂದೆ."

"ಯಾರ ಹತ್ರ ಕಲಿತ್ರಿ?"

"ಸೋದರಮಾವ. ಮದುವೆ ಮನೇಲಿ ನುಡಿಸ್ತಿದ್ದ. ಕುಡೀದೇ ಇದ್ದಾಗ ಚೆನ್ನಾಗಿ ಹೇಳಿಕೊಡ್ತಿದ್ದ."

"ಕುಡೀದೇ ಇರ್ತಿದ್ದಿದ್ದು ಯಾವಾಗ?"

"ನಂಗೆ ನೆನಪಿಲ್ಲ."

ನುಡಿಸಿದರು. ಅವನ ಶ್ರುತಿ ಸರಿಯಿಲ್ಲವೆಂದು ಅವಳಿಗೆ ಮೊದಲ ಸ್ವರದಲ್ಲೇ ತಿಳಿಯಿತು. ಒಂದೆಡೆ ಸ್ವಲ್ಪ ಮೇಲೆ, ಇನ್ನೊಂದೆಡೆ ಸ್ವಲ್ಪ ಕೆಳಗೆ. ಆ ಸ್ವಲ್ಪವೇ ಅವಳ ಕಿವಿಗೆ ಹಲ್ಲುನೋವಿನಂತೆ ತಾಗುತ್ತಿತ್ತು. ಆದರೆ ಅವಳ ಸರದಿ ಬಂದಾಗ ಅವನು ಕಮಾನು ಇಳಿಸಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಕಾಲೇಜಿನ ಗುರುಗಳಾಗಲಿ ಯೂಟಾ ಆಗಲಿ ಅವಳ ಪಿಯಾನೋವನ್ನು ಹಾಗೆ ಕೇಳಿರಲಿಲ್ಲ. ಒಲೆ ಉರಿಯುತ್ತಿತ್ತು. ಬೆರಳು ಬೆಚ್ಚಗಿದ್ದವು. ಶ್ರುತಿ ಏನು ಮಹಾ, ತಿದ್ದಿದರಾಯಿತು ಎಂದುಕೊಂಡಳು.

ಮರುವರ್ಷ ಮದುವೆಯಾಯಿತು. ಕರೋಲಾ ಹುಟ್ಟುವ ಹೊತ್ತಿಗೆ ಮಾರ್ಗಿಟ್ ಬ್ಯಾಲೆ ಶಾಲೆಯೊಂದರಲ್ಲಿ ಹುಡುಗಿಯರು ಕಾಲೆತ್ತುವುದಕ್ಕೆ ತಕ್ಕಂತೆ ಪಿಯಾನೋ ಬಾರಿಸುವ ಕೆಲಸಕ್ಕೆ ಸೇರಿದ್ದಳು. ಅಲ್ಲೇ ನಿವೃತ್ತಿಯವರೆಗೂ ಇದ್ದಳು. ಭಾನುವಾರ ಬೆಳಿಗ್ಗೆ, ಒಲೆಯಲ್ಲಿ ಮಾಂಸ ಬೇಯುವಾಗ, ಮನೆಯಲ್ಲಿ ಸೊನಾಟಾ. ಮೊದಲ ಭಾಗ, ಎರಡನೆಯ ಭಾಗ. ಮೂರನೆಯದು ಬಿರುಸು, ಅದರಲ್ಲಿ ಎಗಾನ್ ಅರ್ಧಕ್ಕೆ ನಿಲ್ಲಿಸಿ ಉಸಿರು ಬಿಟ್ಟು, "ಇದು ಮುಂದಿನ ವಾರಕ್ಕೆ," ಎಂದು ನಗುತ್ತಿದ್ದ.

ಮೊದಮೊದಲು ಅವಳು ತಿದ್ದಿದಳು. ಆಮೇಲೆ ಬಿಟ್ಟಳು.

* * *

ಮಣ್ಣು ಹೆಪ್ಪುಗಟ್ಟಿತ್ತು. ಒಬ್ಬೊಬ್ಬರೇ ಹಿಡಿಯಷ್ಟು ಹಾಕಿದಾಗ ಪೆಟ್ಟಿಗೆಯ ಮೇಲೆ ಕಲ್ಲು ಬಿದ್ದ ಸದ್ದಾಯಿತು. ಅಲ್ಲಿಂದ ಎಲ್ಲರೂ ಸ್ಮಶಾನದ ಗೇಟಿನೆದುರಿನ ಹೋಟೆಲಿಗೆ ನಡೆದರು. ಉದ್ದನೆಯ ಮೇಜಿನ ಮೇಲೆ ಕಾಫಿ, ಸಕ್ಕರೆ ಉದುರಿಸಿದ ಕೇಕು, ಗಂಡಸರಿಗೆ ಸಣ್ಣ ಲೋಟಗಳಲ್ಲಿ ಬ್ರಾಂದಿ. ಮೊದಲ ಲೋಟದವರೆಗೆ ಪಿಸುಮಾತು, ಎರಡನೆಯದಕ್ಕೆ ಮಾತು, ಮೂರನೆಯದಕ್ಕೆ ಗಲಾಟೆ.

"ಜೋರಾಗಿ ಹೇಳಮ್ಮ," ಎಂದು ಬ್ರೂನೋ ತೆಕ್ಲಾಳ ಕಡೆ ತಿರುಗಿ ಕಿವಿಗೆ ಕೈ ಆನಿಸಿದ. ಅವನು ಟ್ರಾಮ್ ಚಾಲಕ. ಅದಕ್ಕೆ ಮೊದಲು ಬಹಳ ಕಾಲ ಎಗಾನ್ ಜೊತೆ ಲೇತಿನ ಮೇಲಿದ್ದವನು. "ಚಕ್ರ ಕಡೆದು ಕಡೆದು ನಮ್ಮ ಕಿವಿಯೆಲ್ಲಾ ಲಾಟರಿ. ಎಗಾನಂದೂ ಅಷ್ಟೇ. ಅವನು ಮಾತ್ರ ಒಪ್ಪಿಕೊಳ್ತಿರ್ಲಿಲ್ಲ."

"ಎಗಾನ್ ಅವ್ರು ತೀರಿಹೋದ ದಿನ ನೀವೇ ಇದ್ರಂತಲ್ಲ ಟ್ರಾಮಿನಲ್ಲಿ, ಅಂದೆ!" ಎಂದು ತೆಕ್ಲಾ ಕೂಗಿದಳು.

"ನಾನೇ ಇದ್ದೆ. ಹತ್ತುವಾಗ ಟೋಪಿ ಎತ್ತಿ ನಮಸ್ಕಾರ ಹೇಳ್ದ. ಊರಂಚಿನ ತನ್ನ ತರಕಾರಿ ತೋಟಕ್ಕೆ ಹೊರಟಿದ್ದ, ಕಿಟಕಿ ಪಕ್ಕ ಕೂತ. ಕೊನೇ ಸ್ಟಾಪಲ್ಲಿ ಎಲ್ಲಾ ಇಳಿದ್ರು, ಇವನು ಇಳೀಲಿಲ್ಲ. ಎಗಾನ್, ಇಳಿಯಪ್ಪ, ಟ್ರಾಮ್ ನಿನ್ನ ತೋಟದೊಳಗೆ ಬರಲ್ಲ, ಅಂತ ತಮಾಷೆ ಮಾಡ್ದೆ. ಹತ್ರ ಹೋಗಿ ನೋಡಿದ್ರೆ..." ಬ್ರೂನೋ ಲೋಟ ಖಾಲಿ ಮಾಡಿದ. "ತಮಾಷೆ ಮಾಡ್ಬಾರ್ದಿತ್ತು."

"ಈ ಚಳಿಗೆ ತೋಟದಲ್ಲಿ ಏನಿತ್ತಂತೆ ಕೆಲಸ?" ಎಂದಳು ತೆಕ್ಲಾ. "ಒಂದು ಸೊಪ್ಪಿನ ಎಲೆ ಕೂಡ ಇರಲ್ಲ ಈಗ." ಉತ್ತರಕ್ಕೆ ಕಾಯದೆ ಅವಳು ಮಾರ್ಗಿಟ್ ಕಡೆ ತಿರುಗಿದಳು. "ನಿಮ್ಮ ಭಾನುವಾರದ ಸಂಗೀತ ನಿಂತ ಮೇಲೆ ನಂಗೆ ಭಾನುವಾರಾನೇ ಬರಲಿಲ್ಲ ನೋಡಿ. ನನ್ನ ಗಂಡ ಹಾಸಿಗೆ ಹಿಡಿದಿದ್ದಾಗ ಬಾಗಿಲು ತೆಗೆದಿಡು ಅಂತಿದ್ರು, ಮೇಲಿಂದ ಕೇಳಿಸ್ಲಿ ಅಂತ. ಒಂದು ಕಡೆ ಎಗಾನ್ ಅವ್ರು ಯಾವಾಗ್ಲೂ ಸ್ವಲ್ಪ ಅಳೋ ಥರ ನುಡಿಸ್ತಿದ್ರು, ಗೊತ್ತಾ, ಮೇಲಕ್ಕೆ ಹೋಗ್ತಾ ಹೋಗ್ತಾ? ಇವತ್ತು ರೆಕಾರ್ಡಿನಲ್ಲಿ ಅದು ಬರಲೇ ಇಲ್ಲ. ಅವರ ಹಾಗೆ ಯಾರಿಗೆ ಬರುತ್ತೆ ಹೇಳಿ."

ಮಾರ್ಗಿಟ್ ಕಪ್ಪನ್ನು ಬಸಿಯ ಮೇಲಿಟ್ಟಳು. ಕಾಫಿ ಚೆಲ್ಲಿತು. ಕರೋಲಾ ಕರವಸ್ತ್ರ ಚಾಚಿದಳು.

ಅಷ್ಟರಲ್ಲಿ ಬಾಗಿಲು ತೆಗೆದು ಒಬ್ಬ ಮುದುಕ ಬಂದ. ಕಾಲಲ್ಲಿ ರಬ್ಬರ್ ಬೂಟು, ಮೇಲೆ ಯಾರದೋ ದೊಡ್ಡ ಕಪ್ಪು ಕೋಟು. ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಮೇಜಿನ ಸುತ್ತ ಕಣ್ಣಾಡಿಸಿ, ನೇರ ಮಾರ್ಗಿಟ್ ಹತ್ತಿರ ಬಂದ.

"ನೀವೇ ಇರ್ಬೇಕು. ನಾನು ಲೋತಾರ್ ಅಂತ. ತೋಟದಲ್ಲಿ ಎಗಾನ್ ಪಕ್ಕದ ತುಂಡು ನಂದು. ಮೊಲ ಸಾಕಿದೀನಿ. ಸುದ್ದಿ ನೆನ್ನೆ ತಿಳೀತು. ಬಸ್ಸು ತಪ್ಪಿ ಮಣ್ಣು ಹಾಕೋಕೂ ಆಗ್ಲಿಲ್ಲ." ಜೇಬಿನಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. "ತೋಟದ ಗುಡಿಸಲಿಂದು. ಒಂದು ನನ್ನತ್ರ ಇರ್ತಿತ್ತು, ಒಲೆ ಹಚ್ಚಿಡೋಕೆ. ತಣ್ಣಗಿದ್ರೆ ಪಿಟೀಲಿಗೆ ಆಗಿಬರಲ್ಲ ಅಂತಿದ್ದ."

ಕರೋಲಾ ಬೀಗದ ಕೈಯನ್ನು ನೋಡಿದಳು.

"ಯಾವ ಪಿಟೀಲು?" ಎಂದಳು ಕರೋಲಾ.

"ಅವನ್ದೇ."

"ಅದನ್ನ ಡಿಪೋದ ಹುಡುಗರ ಬ್ಯಾಂಡಿಗೆ ಕೊಟ್ಟುಬಿಟ್ರಲ್ಲ ಅಪ್ಪ?"

"ನಮಗಾ?" ಎಂದ ಬ್ರೂನೋ. "ನಮಗ್ಯಾರಿಗೂ ಕೊಟ್ಟಿಲ್ಲಪ್ಪ."

ಲೋತಾರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅವನಿಗೆ ಅನುಮಾನ ಬಂದಿತ್ತು. ಆದರೆ ಆ ವೇಳೆಗೆ ಯಾರೋ ಅವನ ಕೈಗೆ ಬ್ರಾಂದಿ ಕೊಟ್ಟಿದ್ದರು, ಕುರ್ಚಿಯನ್ನೂ ಎಳೆದಿದ್ದರು.

"ಪ್ರತಿ ಭಾನುವಾರಾನೂ ಬರ್ತಿದ್ನಲ್ಲಮ್ಮಾ. ಬಿಸಿಲಿರ್ಲಿ, ಹಿಮ ಬೀಳ್ಲಿ. ಬಾಗಿಲು ಹಾಕ್ಕೊಂಡು ಕುಯ್ಯೋಕೆ ಕೂತ್ರೆ ಮಧ್ಯಾಹ್ನದವರೆಗೂ ಅದೇ ರಾಗ. ಮೊದಮೊದ್ಲು ನನ್ನ ಮೊಲ ಎಲ್ಲಾ ಮೂಲೆ ಸೇರ್ತಿದ್ವು. ಆಮೇಲೆ ಅವಕ್ಕೂ ರೂಢಿ ಆಯ್ತು." ಯಾರೋ ನಕ್ಕರು. ಅವನಿಗೆ ಧೈರ್ಯ ಬಂತು. "ಒಂದು ವಿಚಿತ್ರ ನೋಡಿ. ಚೆನ್ನಾಗೇ ನುಡಿಸ್ತಿರೋನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಡೋನು. ಕಿಟಕೀಲಿ ಇಣುಕಿದ್ರೆ ಕಮಾನು ಕೆಳಗೆ ಇಳಿಸಿ, ತಲೆ ಹಿಂಗೆ ಓರೆ ಮಾಡ್ಕೊಂಡು, ಸುಮ್ಮನೆ. ಆಮೇಲೆ ಮತ್ತೆ ಶುರು. ಒಂದಿನ ಕೇಳ್ದೆ, ಏನಯ್ಯಾ, ನಿದ್ದೆ ಬಂತಾ? ಅಂತ. 'ಶ್, ಈಗ ಅವಳ ಸರದಿ' ಅಂದ."

ಯಾರೂ ನಗಲಿಲ್ಲ.

"ಅಲ್ಲಯ್ಯಾ, ಮನೇಲಿ ಹೆಂಡ್ತೀನೂ ಇದಾಳೆ, ಪಿಯಾನೋನೂ ಇದೆ, ಇಲ್ಲಿ ಬಂದು ಮೊಲಗಳಿಗೆ ಯಾಕೆ ಕಚೇರಿ ಕೊಡ್ತೀಯ ಅಂದೆ. 'ಅವಳ ಕಿವಿ ಅಂದ್ರೆ ಅಕ್ಕಸಾಲಿಗನ ತಕ್ಕಡಿ ಕಣೋ ಲೋತಾರ್, ಸರಿಹೋಗ್ಲಿ, ಸರಿಹೋದ ದಿನ ಮನೆಗೆ ತಗೊಂಡು ಹೋಗ್ತೀನಿ' ಅಂದ."

"ಸರಿಹೋಯ್ತಾ?" ಕರೋಲಾ ಬಹಳ ಮೆಲ್ಲಗೆ ಕೇಳಿದಳು.

"ನಂಗೇನಮ್ಮಾ ತಿಳಿಯುತ್ತೆ." ಲೋತಾರ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. "ಸತ್ತವರ ವಿಷಯದಲ್ಲಿ ಸುಳ್ಳು ಹೇಳ್ಬಾರ್ದು. ಮೊದಲ್ನೇ ದಿನ ಹೆಂಗೆ ಕೇಳಿಸ್ತೋ, ಕೊನೇ ಸಲ ಬಂದಾಗ್ಲೂ ಹಂಗೇ ಕೇಳಿಸ್ತು."

"ಮತ್ತೆ ಅಪ್ಪನ ಭುಜ?"

"ಭುಜಕ್ಕೇನಾಗಿತ್ತು? ನನ್ನ ಆಲೂಗಡ್ಡೆ ಮಡಿ ಕೂಡ ಅವನೇ ಅಗೆದುಕೊಟ್ಟ."

ಕರೋಲಾ ತಾಯಿಯ ಕಡೆ ತಿರುಗಿದಳು. "ಅಮ್ಮಾ. ಅಪ್ಪ ಮನೇಲಿ ಯಾಕೆ ನಿಲ್ಲಿಸಿದ್ದು?"

* * *

ಎಂಟು ವರ್ಷದ ಹಿಂದಿನ ಅಕ್ಟೋಬರ್. ಕಾಲೇಜಿನ ಗೆಳತಿ ಯೂಟಾ ದೊಡ್ಡ ಸಭಾಂಗಣದಲ್ಲಿ ಪಿಯಾನೋ ನುಡಿಸಿದಳು. ಬೀದಿಯಲ್ಲೆಲ್ಲ ಅವಳ ಹೆಸರಿನ ಭಿತ್ತಿಪತ್ರ. ಎಗಾನ್ ಹೊಸ ಟೈ ಕಟ್ಟಿಕೊಂಡು ಹೆಂಡತಿಯನ್ನು ಕರೆದುಕೊಂಡು ಹೋದ. ಕಾರ್ಯಕ್ರಮದ ದ್ವಿತೀಯಾರ್ಧದಲ್ಲಿ ಅದೇ ಸೊನಾಟಾ. ಪಿಟೀಲಿನವನು ಪರದೇಶದವನು. ಯೂಟಾಳ ಬೆರಳುಗಳು ಓಡುವ ಕಡೆಯಲ್ಲೆಲ್ಲ ಮಾರ್ಗಿಟಳ ಬೆರಳುಗಳು ತೊಡೆಯ ಮೇಲೆ ಓಡಿದವು. ಒಂದು ಜಾಗದಲ್ಲಿ ಯೂಟಾ ಅವಸರಪಟ್ಟಳು. ಕಾಲೇಜಿನ ಪರೀಕ್ಷೆಯಲ್ಲೂ ಅಲ್ಲೇ ಅವಸರಪಟ್ಟಿದ್ದಳು. ನಾನಾದರೆ ಅಲ್ಲಿ ತಡೆದು ನಿಲ್ಲುತ್ತಿದ್ದೆ ಎಂದುಕೊಂಡಳು ಮಾರ್ಗಿಟ್. ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಮನೆಗೆ ನಡೆದು ಬರುವಾಗ ಎಗಾನ್ ಹುರುಪಿನಲ್ಲಿದ್ದ.

"ನೋಡಿದ್ಯಾ? ನಾವು ನುಡಿಸೋ ಹಾಗೇ ಇತ್ತಲ್ವಾ?" ಎಂದ. "ಅವರು ಸ್ವಲ್ಪ ಬೇಗ ಹೋಗ್ತಾರೆ ಅಷ್ಟೇ."

ಮಾರನೆಯ ದಿನ ಭಾನುವಾರ. ಮಾಂಸ ಒಲೆಯ ಮೇಲಿತ್ತು. ಎಗಾನ್ ಹಿಂದಿನ ಸಂಜೆಯ ಗುಂಗಿನಲ್ಲೇ ಪಿಟೀಲನ್ನು ಗಲ್ಲಕ್ಕಿಟ್ಟ. ಎರಡನೆಯ ಭಾಗದಲ್ಲಿ ಆ ಮೆಟ್ಟಿಲು ಬಂತು. ಅವನು ಎಂದಿನ ಜಾಗದಲ್ಲೇ ನಿಂತ. ಕಣ್ಣು ಮುಚ್ಚಿಕೊಂಡು, ಸುಖವಾಗಿ.

ಅವಳ ಕೈಗಳು ನಿಂತುಹೋದವು.

"ಯಾಕೆ?" ಎಂದ ಎಗಾನ್.

"ನೀನು ಇದನ್ನ ಒಂದು ದಿನಾನೂ, ಒಂದೇ ಒಂದು ದಿನಾನೂ ಶ್ರುತಿಗೆ ಸರಿಯಾಗಿ ನುಡಿಸಿಲ್ಲ."

ಹೇಳುವಾಗ ಸಿಟ್ಟಿರಲಿಲ್ಲ. ಬೇಳೆ ಬೆಂದಿಲ್ಲ ಎಂದು ಹೇಳುವ ಧ್ವನಿ. ಎಗಾನ್ ಕಣ್ಣು ಬಿಟ್ಟ.

"ಒಂದು ದಿನಾನೂ?"

"ನಮ್ಮ ಮದುವೆಗೆ ಮುಂಚಿನಿಂದ. ನಾನು ಹಲ್ಲು ಕಚ್ಚಿಕೊಂಡು ಕೂತ್ಕೋತೀನಿ, ಎಗಾನ್. ಪ್ರತಿ ಭಾನುವಾರ."

ಅವನು ಪಿಟೀಲನ್ನು ಗಲ್ಲದಿಂದ ತೆಗೆದು, ಮೊದಲ ಸಲ ನೋಡುವವನಂತೆ ಅದನ್ನು ನೋಡಿದ. ಕಮಾನಿನ ಕುದುರೆಗೂದಲು ಸಡಿಲ ಮಾಡಿದ. ಒರೆಸಿದ. ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಆಮೇಲೆ ಅಡುಗೆಮನೆಗೆ ಹೋಗಿ, "ಮಾಂಸ ತಳ ಹಿಡೀತಿದೆ, ಇಳಿಸ್ಲಾ?" ಎಂದು ಕೇಳಿದ.

ಜಗಳವಾಗಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಮಾರ್ಗಿಟ್ ತಾನಾಗಿ ಪಿಯಾನೋ ತೆರೆದು ಸ್ವರಪುಸ್ತಕ ಇಟ್ಟು ಕೂತಳು. ಕ್ಷಮಿಸು ಎನ್ನುವುದಕ್ಕೆ ಅವಳಿಗೆ ತಿಳಿದಿದ್ದು ಅದೊಂದೇ ದಾರಿ. ಎಗಾನ್ ಬಾಗಿಲಲ್ಲಿ ನಿಂತು ನೋಡಿದ. "ಈಗ ಬೇಡ," ಎಂದ. "ತೋಟದಲ್ಲಿ ಕೆಲಸ ಇದೆ." ಟೋಪಿ ಹಾಕಿಕೊಂಡು ಹೊರಟ. ಪಿಟೀಲು ಎಲ್ಲಿ ಎಂದು ಆ ಸಂಜೆ ಕೇಳಿದ್ದಕ್ಕೆ, ಡಿಪೋದ ಹುಡುಗರಿಗೆ ಕೊಟ್ಟೆ ಎಂದ. ಇದು ತನಗೆ ಶಿಕ್ಷೆ ಎಂದು ಮಾರ್ಗಿಟ್ ತಿಳಿದಳು. ಶಿಕ್ಷೆ ನ್ಯಾಯವೇ ಎನಿಸಿದ್ದರಿಂದ ಮತ್ತೆ ಕೇಳಲಿಲ್ಲ. ಪಿಯಾನೋ ಮುಚ್ಚಿ ಮೇಲೆ ಕಸೂತಿಯ ಬಟ್ಟೆ ಹಾಸಿದಳು.

ಆಮೇಲಿನ ವರ್ಷಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಂಡರು. ಉಪ್ಪು ಸಾಕಾ, ಸಾಕು. ಕಿಟಕಿ ಹಾಕ್ಲಾ, ಹಾಕು. ಭಾನುವಾರ ಮಧ್ಯಾಹ್ನ ಅವನು ಹಿಂತಿರುಗಿದಾಗ ಅವನ ಎಡಗೈ ಬೆರಳ ತುದಿಗಳಲ್ಲಿ ಗೀರು ಬಿದ್ದಿರುತ್ತಿದ್ದವು. ಅಗೆತದ ಗುರುತು ಎಂದುಕೊಂಡಿದ್ದಳು. ತಂತಿ ಒತ್ತಿದ ಗೀರು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಕೈಯನ್ನು ಹಿಡಿದು ನೋಡಿರಲಿಲ್ಲ, ಅಷ್ಟೆ.

* * *

"ನಾನು ಹೇಳಿದೆ," ಎಂದಳು ಮಾರ್ಗಿಟ್. "ಶ್ರುತಿ ಸರಿ ಇಲ್ಲ ಅಂತ. ಯಾವತ್ತೂ ಸರಿ ಇರ್ಲಿಲ್ಲ ಅಂತ. ಅದಕ್ಕೆ ನಿಲ್ಲಿಸಿದ್ರು."

ತೆಕ್ಲಾ ಬಾಯಿಗೆ ಕೈ ಹಿಡಿದಳು. ಬ್ರೂನೋ ಕೇಳಿಸದೆ, "ಏನಂತೆ? ಏನಂತೆ?" ಎಂದು ಪಕ್ಕದವನನ್ನು ಕೇಳಿದ.

ಕರೋಲಾ ಎದ್ದು ತಾಯಿಯನ್ನು ಕೋಣೆಯ ಹೊರಗೆ, ಕೋಟುಗಳನ್ನು ತೂಗುಹಾಕಿದ್ದ ಪಡಸಾಲೆಗೆ ಕರೆದುಕೊಂಡು ಹೋದಳು. ಕೋಟು ಹಾಕಿಕೊಂಡಳು. ಒಂದೊಂದೇ ಗುಂಡಿ ಹಾಕುತ್ತ ಬಂದಳು.

"ಅಷ್ಟು ವರ್ಷ ಕೇಳಿದವಳಿಗೆ ಇನ್ನೊಂದಷ್ಟು ವರ್ಷ ಕೇಳೋಕೆ ಆಗ್ಲಿಲ್ವಾ ಅಮ್ಮಾ?"

"ಆಗ್ಲಿಲ್ಲ."

"ನಾನು ಚಿಕ್ಕವಳಿದ್ದಾಗ ಆ ಸದ್ದಿಗೇ ಏಳ್ತಿದ್ದೆ. ಅದು ತಪ್ಪು ಅಂತ ನಂಗೆ ಯಾವತ್ತೂ ಅನಿಸಿಲ್ಲ."

"ನಿನಗೆ ಕೇಳಿಸಲ್ಲ, ಕರೋಲಾ. ಅದು ನಿನ್ನ ಅದೃಷ್ಟ."

"ಎಂಟು ವರ್ಷ ಸುಳ್ಳು ಹೇಳ್ಕೊಂಡು ನಿನ್ನ ಮರ್ಯಾದೆ ಉಳಿಸಿದ್ರು ಅಪ್ಪ. ನೀನು ಪಕ್ಕದಲ್ಲಿ ನಿಂತ್ಕೊಂಡು ಕೇಳ್ತಿದ್ದೆ." ಕರೋಲಾ ಕೊನೆಯ ಗುಂಡಿ ಹಾಕಿದಳು. "ಒಂದು ಸಲ ತೋಟಕ್ಕೆ ಹೋಗಿ ನೋಡಿದ್ರೂ ಆಗ್ತಿತ್ತಲ್ಲ. ಒಂದೇ ಸಲ."

ಒಳಗೆ ಯಾರೋ ಎಗಾನನ ಹೆಸರಿನಲ್ಲಿ ಲೋಟ ಎತ್ತಿಸುತ್ತಿದ್ದರು.

"ರೋಸ್ಟಾಕ್ ರೈಲಿಗೆ ಹೊತ್ತಾಯ್ತು," ಎಂದಳು ಕರೋಲಾ. ಎರಡು ದಿನ ಇದ್ದು ತನ್ನೂರಿಗೆ ಹೋಗುವೆನೆಂದು ಬೆಳಿಗ್ಗೆ ಹೇಳಿದ್ದವಳು. ಬಾಗಿಲವರೆಗೆ ಹೋಗಿ, ನಿಂತು, ತಿರುಗದೆ, "ಔಷಧಿ ತಗೋ," ಎಂದು ಹೊರಟುಹೋದಳು.

ತೋಟದ ಕಡೆಯ ಟ್ರಾಮಿನಲ್ಲಿ ಮಾರ್ಗಿಟ್ ಜೊತೆ ಹೊರಟ ಲೋತಾರ್ ದಾರಿಯುದ್ದಕ್ಕೂ ಕ್ಷಮೆ ಕೇಳುತ್ತಲೇ ಬಂದ. "ನನ್ನ ನಾಲಗೆ ಕತ್ತರಿಸಿ ಮೊಲಕ್ಕೆ ಹಾಕ್ಬೇಕು," ಎಂದ. "ಗೊತ್ತಿದ್ದಿದ್ರೆ ಬಾಯಿ ಬಿಡ್ತಿರ್ಲಿಲ್ಲ." ಮಾರ್ಗಿಟ್ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದಳು. ಹೊಗೆ ಹಿಡಿದ ಗೋಡೆಗಳು, ಆಮೇಲೆ ಕಾರ್ಖಾನೆಗಳು, ಆಮೇಲೆ ಬೇಲಿಯ ಹಿಂದೆ ಸಣ್ಣ ಸಣ್ಣ ತೋಟಗಳು, ಒಂದೊಂದರಲ್ಲೂ ಒಂದೊಂದು ಗುಡಿಸಲು. ಹೋದ ವಾರ ಇದೇ ದಾರಿಯಲ್ಲಿ ಅವನು ಎಲ್ಲಿಯವರೆಗೆ ನೋಡುತ್ತ ಹೋಗಿರಬಹುದು? ಯಾವ ಗೋಡೆ ಕೊನೆಯದು?

"ಒಲೆ ಹಚ್ಚಿಕೊಡ್ಲಾ?" ಎಂದ ಲೋತಾರ್, ಗುಡಿಸಲಿನ ಬಾಗಿಲು ತೆಗೆದು.

"ಬೇಡ. ನೀವು ಹೋಗಿ."

ಅವನು ಹೋದ. ಒಳಗೆ ಗುದ್ದಲಿ, ಹೂಕುಂಡ, ಒಂದು ಕುರ್ಚಿ. ಹುರುಳಿಕಾಯಿ ಬಳ್ಳಿಗೆ ನೆಡುವ ಕೋಲುಗ­ಳನ್ನು ಕಟ್ಟಿ ಮಾಡಿದ ಒಂದು ಸ್ಟ್ಯಾಂಡು, ಅದರ ಮೇಲೆ ಸೊನಾಟಾದ ಪಿಟೀಲಿನ ಪುಟಗಳು. ಸುಟ್ಟ ಮೂಲೆಗೆ ಬೇರೆ ಕಾಗದ ಅಂಟಿಸಿ ಸರಿಮಾಡಿದ್ದ. ಪೆಟ್ಟಿಗೆ ಬೆಂಚಿನ ಮೇಲಿತ್ತು. ಅವಳು ಕೈಗವಸು ತೆಗೆದು ಮುಚ್ಚಳ ಎತ್ತಿದಳು.

ಪಿಟೀಲಿನ ಕಪ್ಪು ಕತ್ತಿನ ಮೇಲೆ, ತಂತಿಗಳ ಕೆಳಗೆ, ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ದಾರದಷ್ಟು ಸಣ್ಣಗೆ ಕತ್ತರಿಸಿ ಅಡ್ಡಡ್ಡ ಅಂಟಿಸಿದ್ದ. ಬೆರಳು ಎಲ್ಲಿಡಬೇಕೆಂದು ತಿಳಿಯದ ಮಕ್ಕಳಿಗೆ ಸಂಗೀತಶಾಲೆಯಲ್ಲಿ ಮಾಡಿಕೊಡುತ್ತಾರಲ್ಲ, ಹಾಗೆ. ಪಟ್ಟಿಗಳು ಬೆವರಿಗೆ ಕಪ್ಪಾಗಿದ್ದವು. ಒಂದೊಂದರ ಮೇಲೂ ಕೆಳಗೂ ಹಳೆಯ ಅಂಟಿನ ಗೆರೆಗಳಿದ್ದವು. ಕಿತ್ತು ಒಂದಿಷ್ಟು ಮೇಲೆ ಅಂಟಿಸಿದ್ದು, ಮತ್ತೆ ಕಿತ್ತು ಒಂದಿಷ್ಟು ಕೆಳಗೆ ಅಂಟಿಸಿದ್ದು. ವರ್ಷವರ್ಷದ ಗೆರೆಗಳು, ಒಂದರ ಪಕ್ಕ ಒಂದು.

ಚಳಿಗೆ ತಂತಿಗಳು ಇಳಿದಿದ್ದವು. ಮಾರ್ಗಿಟ್ ಬಿರಡೆ ತಿರುಗಿಸಿ ಒಂದೊಂದನ್ನೂ ಸರಿಯಾದ ಎತ್ತರಕ್ಕೆ ತಂದಳು. ಕುರ್ಚಿಯ ಮೇಲೆ ಕೂತು, ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಪಟ್ಟಿಯ ಮೇಲೆ ಬೆರಳಿಟ್ಟು ಮೀಟಿದಳು. ಸ್ವಲ್ಪ ಕೆಳಗೆ. ಎರಡನೆಯದು ಇನ್ನೂ ಸ್ವಲ್ಪ ಕೆಳಗೆ. ಮೂರನೆಯದು ಮೇಲೆ. ಪಕ್ಕದ ತಂತಿ, ಅದರ ಪಕ್ಕದ್ದು. ತನ್ನ ಕಿವಿಯನ್ನು ನಂಬಿ ಅವನು ಅಳೆದು ಅಂಟಿಸಿದ್ದು; ಯಾವುದೂ ಸರಿಯಿರಲಿಲ್ಲ.

ಅವಳು ಬೆರಳನ್ನು ಪಟ್ಟಿಯಿಂದ ಆಚೆಗೆ ಒಂದು ಕೂದಲೆಳೆ ಸರಿಸಿದಳು. ಅಲ್ಲಿ ಬೆರಳ ತುದಿಗೆ ಜಿಗುಟು ತಾಗಿತು. ಕಿತ್ತುಹಾಕಿದ ಹಳೆಯ ಪಟ್ಟಿಯೊಂದರ ಅಂಟು.

ಮೀಟಿದಳು.

ಸ್ವರ ಶುದ್ಧವಾಗಿತ್ತು. ಎಂದೋ ಒಂದು ಭಾನುವಾರ ಎಗಾನ್ ಈ ಸರಿಯಾದ ಜಾಗಕ್ಕೂ ಬಂದಿದ್ದ. ಬಂದು, ನುಡಿಸಿ ನೋಡಿ, ಇದಲ್ಲ ಎಂದುಕೊಂಡು ಕಿತ್ತು ಮುಂದೆ ಹೋಗಿದ್ದ.

ಸ್ವರ ಸಣ್ಣಗಾಗುತ್ತ ಬಂದು ನಿಂತಿತು. ಹೊರಗೆ ಕತ್ತಲು ಇಳಿಯುತ್ತಿತ್ತು. ಬೇಲಿಯಾಚೆ ಲೋತಾರ್ ಮೊಲಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಮಾರ್ಗಿಟ್ ಬೆರಳನ್ನು ಎತ್ತಲಿಲ್ಲ. ತಣ್ಣಗಿನ ಆ ಅಂಟು ಅವಳ ಬೆರಳಿನ ಬಿಸಿಗೆ ಮೆಲ್ಲಮೆಲ್ಲಗೆ ಮೆತ್ತಗಾಗುತ್ತಿತ್ತು.